ಉರುಳು ಕಟ್ಟಿದವನು ಎಲ್ಲಿದ್ದಾನೆ?

ಮಲೆನಾಡಿನಲ್ಲಿ ಬೆಳೆದವರಿಗೆ ಉರುಳು ಗೊತ್ತು. ಬೈಕಿನ ಹಳೆಯ ಕ್ಲಚ್ ವೈರನ್ನು ಕುಣಿಕೆ ಮಾಡಿ, ಬೇಲಿಯಲ್ಲಿ ಹಂದಿ ನುಸುಳುವ ಕಂಡಿಗೆ ಒಡ್ಡಿ, ಇನ್ನೊಂದು ತುದಿಯನ್ನು ಗೂಟಕ್ಕೋ ಮರದ ಬುಡಕ್ಕೋ ಬಿಗಿದರೆ ಕೆಲಸ ಮುಗಿಯಿತು. ಕಟ್ಟಿದವನು ಮನೆಗೆ ಹೋಗಿ ಉಂಡು ಮಲಗುತ್ತಾನೆ. ರಾತ್ರಿ ಆ ಕಂಡಿಯಲ್ಲಿ ಯಾರು ಬಂದರೂ ಮುಂದಿನದನ್ನು ತಂತಿಯೇ ನೋಡಿಕೊಳ್ಳುತ್ತದೆ. ಬೆಳಗ್ಗೆ ಹೋಗಿ ನೋಡಿದರೆ ಒಮ್ಮೊಮ್ಮೆ ಹಂದಿಯ ಬದಲು ಚಿರತೆ ಸಿಕ್ಕಿಬಿದ್ದಿರುತ್ತದೆ. ಸೊಂಟಕ್ಕೆ ತಂತಿ ಕಚ್ಚಿಕೊಂಡು, ಬಿಡಿಸಿಕೊಳ್ಳಲು ಒದ್ದಾಡಿ, ಕೈಗೆಟಕುವಷ್ಟು ದೂರದ ನೆಲವನ್ನೆಲ್ಲ ಕೆರೆದು ಹಾಕಿರುತ್ತದೆ. ಕಟ್ಟಿದವನು ಆಗ ಹೇಳುವ ಮಾತು ಒಂದೇ: "ನಾನು ಹಂದಿಗೆ ಕಟ್ಟಿದ್ದು." ಅದು ಸುಳ್ಳಲ್ಲ. ಅವನ ಮನಸ್ಸಿನಲ್ಲಿದ್ದದ್ದು ಹಂದಿಯೇ. ತಂತಿಗೆ ಅದು ಗೊತ್ತಾಗುವ ದಾರಿ ಇರಲಿಲ್ಲ, ಅಷ್ಟೆ.

ಸ್ವಾಯತ್ತ ಅಸ್ತ್ರಗಳ ಸುದ್ದಿ ಓದುವಾಗಲೆಲ್ಲ ನನಗೆ ಈ ಉರುಳು ನೆನಪಾಗುತ್ತದೆ. ಒಮ್ಮೆ ಚಾಲೂ ಮಾಡಿದ ಮೇಲೆ ಮನುಷ್ಯನನ್ನು ಮತ್ತೆ ಕೇಳದೆ, ಗುರಿಯನ್ನು ತಾನೇ ಆರಿಸಿ ತಾನೇ ಹೊಡೆಯುವ ಅಸ್ತ್ರಕ್ಕೆ ಸ್ವಾಯತ್ತ ಅಸ್ತ್ರ ಎನ್ನುತ್ತಾರೆ. ಇದರ ಬಗ್ಗೆ ನಮ್ಮಲ್ಲಿ ಮಾತು ಹೆಚ್ಚಾಗಿದೆ, ಜೊತೆಗೆ ತಪ್ಪು ತಿಳಿವಳಿಕೆಯೂ ಹೆಚ್ಚಾಗಿದೆ. ಯುದ್ಧದಲ್ಲಿ ಮನುಷ್ಯನ ಪಾತ್ರ ಏನಾಗುತ್ತಿದೆ ಎಂಬುದು ನಮಗೆಲ್ಲ ಸಂಬಂಧಪಟ್ಟ ಪ್ರಶ್ನೆ. ಹಾಗಾಗಿ ಒಂದೊಂದನ್ನೇ ಎತ್ತಿಕೊಂಡು ನೋಡೋಣ.

ತಪ್ಪು ಕಲ್ಪನೆ: ಇವೆಲ್ಲ ಇನ್ನು ಮುಂದೆ ಬರಬೇಕಾದ ಅಸ್ತ್ರಗಳು

ವಾಸ್ತವ: ಬಂದು ಬಹಳ ವರ್ಷವಾಯಿತು. ಉರುಳಿನ ಮಿಲಿಟರಿ ರೂಪವೇ ನೆಲಬಾಂಬು. ಹೂತಿಟ್ಟವನು ಊರು ಬಿಟ್ಟು ಹೋಗಿರುತ್ತಾನೆ, ಯುದ್ಧವೂ ಮುಗಿದಿರುತ್ತದೆ. ಇಪ್ಪತ್ತು ವರ್ಷದ ಮೇಲೆ ಸೌದೆಗೆ ಹೋದ ಹುಡುಗಿಯ ಕಾಲ ಭಾರಕ್ಕೆ ಅದು ಸಿಡಿಯುತ್ತದೆ. ಅಮೆರಿಕದ ನೌಕಾಪಡೆ 1980ರಲ್ಲಿ ಹಡಗುಗಳಿಗೆ ಅಳವಡಿಸಿದ ಫಾಲಂಕ್ಸ್ ಫಿರಂಗಿ ತನ್ನತ್ತ ಬರುವ ಕ್ಷಿಪಣಿಯನ್ನು ರಾಡಾರ್‌ನಲ್ಲಿ ತಾನೇ ಹುಡುಕಿ, ತಾನೇ ಬೆನ್ನಟ್ಟಿ, ತಾನೇ ಹೊಡೆಯಬಲ್ಲದು. ಸಮುದ್ರಮಟ್ಟದಲ್ಲಿ ನುಗ್ಗುವ ಕ್ಷಿಪಣಿಯನ್ನು ಕಂಡು, ಯೋಚಿಸಿ, ಗುಂಡಿ ಒತ್ತುವಷ್ಟು ಹೊತ್ತು ಮನುಷ್ಯನಿಗೆ ಸಿಗುವುದಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಇಸ್ರೇಲಿನ ಹಾರ್ಪಿ ಆಕಾಶದಲ್ಲಿ ಗಂಟೆಗಟ್ಟಲೆ ಸುತ್ತುತ್ತಾ ಶತ್ರುವಿನ ರಾಡಾರ್ ಅಲೆ ಸಿಕ್ಕ ಕೂಡಲೇ ಅದರ ಮೇಲೆ ಬಿದ್ದು ತಾನೂ ಸಿಡಿಯುತ್ತದೆ. ಅದು ಕೂಡ ಕಳೆದ ಶತಮಾನದ್ದೇ.

ಹೊಸದಾಗಿರುವುದು ಗುರಿ. ಫಾಲಂಕ್ಸ್ ಹೊಡೆಯುತ್ತಿದ್ದದ್ದು ಕ್ಷಿಪಣಿಯನ್ನು, ಹಾರ್ಪಿ ಹೊಡೆಯುತ್ತಿದ್ದದ್ದು ರಾಡಾರನ್ನು. ಎರಡೂ ಲೋಹದ ವಸ್ತುಗಳು, ಎರಡನ್ನೂ ಗುರುತಿಸುವುದು ಸುಲಭ. ಈಗ ಕ್ಯಾಮೆರಾ ಮತ್ತು ಕೃತಕ ಬುದ್ಧಿಮತ್ತೆ ಸೇರಿ ವಾಹನವನ್ನು, ಗುಂಪನ್ನು, ಒಬ್ಬ ಮನುಷ್ಯನನ್ನು ಗುರುತಿಸುವ ಮಟ್ಟಕ್ಕೆ ಬಂದಿವೆ. 2020ರಲ್ಲಿ ಲಿಬಿಯಾದಲ್ಲಿ ಟರ್ಕಿ ನಿರ್ಮಿತ ಕರ್ಗು-2 ಡ್ರೋನ್‌ಗಳು ಹಿಮ್ಮೆಟ್ಟುತ್ತಿದ್ದ ಪಡೆಗಳನ್ನು ಬೆನ್ನಟ್ಟಿದ್ದವು ಎಂದು ವಿಶ್ವಸಂಸ್ಥೆಯ ತಜ್ಞರ ವರದಿ ಮರುವರ್ಷ ಹೇಳಿತು. 'ರೋಬೋಟ್ ಮಾಡಿದ ಮೊದಲ ಕೊಲೆ' ಎಂದು ಜಗತ್ತಿನ ಪತ್ರಿಕೆಗಳು ಬರೆದವು. ವರದಿಯನ್ನು ಓದಿದರೆ, ಆ ಡ್ರೋನ್ ಯಾರನ್ನಾದರೂ ಕೊಂದಿದೆ ಎಂದು ಅದು ಖಚಿತವಾಗಿ ಹೇಳುವುದೇ ಇಲ್ಲ. ಹೆದರುವುದಕ್ಕೆ ಕಾರಣ ಬೇಕಾದಷ್ಟಿದೆ. ಉತ್ಪ್ರೇಕ್ಷೆಯ ನೆರವು ಬೇಕಿಲ್ಲ.

ತಪ್ಪು ಕಲ್ಪನೆ: ಡ್ರೋನ್ ಎಂದರೆ ಸ್ವಾಯತ್ತ ಅಸ್ತ್ರ

ವಾಸ್ತವ: ಡ್ರೋನ್ ಎಂದರೆ ಒಳಗೆ ಪೈಲಟ್ ಇಲ್ಲದ ವಿಮಾನ, ಅಷ್ಟೆ. ಮದುವೆ ಮನೆಯ ಮೇಲೆ ಹಾರುವ ಕ್ಯಾಮೆರಾ ಡ್ರೋನಿಗೂ ಅಫ್ಘಾನಿಸ್ತಾನದ ಮೇಲೆ ಹಾರಿದ ರೀಪರ್ ಯುದ್ಧ ಡ್ರೋನಿಗೂ ಕೆಳಗೆ ಒಬ್ಬ ನಡೆಸುವವನಿದ್ದಾನೆ. ಯಾರು ಆರಿಸುತ್ತಾರೆ, ಯಾರು ಹೊಡೆಯುತ್ತಾರೆ ಎಂಬುದರ ಮೇಲೆ ಅಸ್ತ್ರದ ಸ್ವಾಯತ್ತತೆ ನಿಂತಿದೆ, ಅದರ ಆಕಾರದ ಮೇಲಲ್ಲ. ಒಂದೇ ಡ್ರೋನ್ ಹೊರಡುವಾಗ ಮನುಷ್ಯನ ಕೈಯಲ್ಲಿದ್ದು, ಕೊನೆಯ ಅರ್ಧ ಕಿಲೋಮೀಟರಿನಲ್ಲಿ ಸಿಗ್ನಲ್ ಕಡಿದಾಗ ತನ್ನ ದಾರಿ ತಾನೇ ಹಿಡಿಯಬಹುದು.

ತಪ್ಪು ಕಲ್ಪನೆ: ಕೊನೆಯ ಗುಂಡಿ ಮನುಷ್ಯನ ಕೈಯಲ್ಲೇ ಇದ್ದರೆ ಭಯವಿಲ್ಲ

ವಾಸ್ತವ: ಸರ್ಕಾರಗಳು, ಸೇನೆಗಳು, ತಯಾರಕರು ಅತಿ ಹೆಚ್ಚು ಬಾರಿ ಹೇಳುವ ಸಮಾಧಾನ ಇದು. ನನಗೆ ಅತಿ ಅಪಾಯಕಾರಿ ಎನಿಸುವುದೂ ಇದೇ.

2003ರ ಮಾರ್ಚ್ 23. ಇರಾಕ್ ಯುದ್ಧ ಶುರುವಾಗಿ ಮೂರು ದಿನವಾಗಿತ್ತು. ಬ್ರಿಟಿಷ್ ವಾಯುಪಡೆಯ ಟೊರ್ನಾಡೊ ವಿಮಾನವೊಂದು ಕೆಲಸ ಮುಗಿಸಿ ನಡುರಾತ್ರಿ ಕಳೆದ ಮೇಲೆ ಕುವೈತಿನ ನೆಲೆಗೆ ಮರಳುತ್ತಿತ್ತು. ನೆಲದ ಮೇಲೆ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ತುಕಡಿ ಕಾವಲಿತ್ತು. ಇಳಿಯುತ್ತಿದ್ದ ವಿಮಾನವನ್ನು ಪೇಟ್ರಿಯಟ್ ಕಂಪ್ಯೂಟರ್ ತನ್ನ ರಾಡಾರ್ ಮೇಲೆ ಎರಗಲು ಬರುತ್ತಿರುವ ಕ್ಷಿಪಣಿ ಎಂದು ಗುರುತಿಸಿತು. 'ನಾನು ನಿಮ್ಮವನು' ಎಂದು ಸಾರಬೇಕಿದ್ದ ಸಂಕೇತ ವಿಮಾನದಿಂದ ಬರಲಿಲ್ಲ. ಇತರ ಘಟಕಗಳನ್ನು ಕೇಳಿ ಖಚಿತಪಡಿಸಿಕೊಳ್ಳಲು ತುಕಡಿಗೆ ಸರಿಯಾದ ಸಂಪರ್ಕವೂ ಇರಲಿಲ್ಲ. ಪರದೆಯ ಮುಂದೆ ಕೂತವರಿಗೆ ಸಿಕ್ಕದ್ದು ಒಂದು ನಿಮಿಷದಷ್ಟು ಹೊತ್ತು. ನಿನ್ನ ಮೇಲೇ ಕ್ಷಿಪಣಿ ಬರುತ್ತಿದೆ ಎಂದು ಯಂತ್ರ ಹೇಳುತ್ತಿರುವಾಗ, ಕತ್ತಲಲ್ಲಿ, ಯುದ್ಧದ ಮೊದಲ ದಿನಗಳಲ್ಲಿ, ಇಲ್ಲ ಎನ್ನಲು ಅವರ ಬಳಿ ಏನಿತ್ತು? ಹೊಡೆದರು. ವಿಮಾನದಲ್ಲಿದ್ದ ಇಬ್ಬರೂ ಸತ್ತರು. ಏಪ್ರಿಲ್ 2ರಂದು ಪೇಟ್ರಿಯಟ್ ಮತ್ತೊಂದು ವಿಮಾನವನ್ನು ಉರುಳಿಸಿತು. ಈ ಬಾರಿ ಅದು ಅಮೆರಿಕದ್ದೇ ನೌಕಾಪಡೆಯ ಹಾರ್ನೆಟ್, ಪೈಲಟ್ ಸತ್ತ. ಪೇಟ್ರಿಯಟ್ ನಡೆಸುವ ವಿಧಾನ ಬಹುಮಟ್ಟಿಗೆ ಸ್ವಯಂಚಾಲಿತವಾಗಿತ್ತು, ಸಿಬ್ಬಂದಿಗೆ ಸಾಫ್ಟ್‌ವೇರನ್ನು ನಂಬುವಂತೆಯೇ ತರಬೇತಿ ಕೊಡಲಾಗಿತ್ತು ಎಂದು ಪೆಂಟಗನ್ನಿನ ಸಲಹಾ ಮಂಡಳಿ ಆಮೇಲೆ ಹೇಳಿತು.

ಟೊರ್ನಾಡೊ ಬಿದ್ದ ರಾತ್ರಿ ಗುಂಡಿ ಮನುಷ್ಯನ ಕೈಯಲ್ಲೇ ಇತ್ತು. ತೀರ್ಮಾನ ಮಾತ್ರ ಅವನದಾಗಿರಲಿಲ್ಲ.

ಇಪ್ಪತ್ತು ವರ್ಷದ ನಂತರದ ಗಾಜಾಕ್ಕೆ ಬನ್ನಿ. ಇಸ್ರೇಲಿ ಸೇನೆ ಬಳಸಿದ 'ಲ್ಯಾವೆಂಡರ್' ಎಂಬ ವ್ಯವಸ್ಥೆ ಸುಮಾರು 37,000 ಮಂದಿಯನ್ನು ಶಂಕಿತ ಹೋರಾಟಗಾರರೆಂದು ಗುರುತು ಹಾಕಿತ್ತು, ಪ್ರತಿ ಹೆಸರನ್ನು ಅಧಿಕಾರಿ ನೋಡುತ್ತಿದ್ದದ್ದು ಸುಮಾರು 20 ಸೆಕೆಂಡು, ಅದೂ ಹೆಚ್ಚಾಗಿ ಗುರಿ ಗಂಡಸೇ ಎಂದು ಖಾತ್ರಿ ಮಾಡಿಕೊಳ್ಳಲು ಎಂದು 'ಪ್ಲಸ್ 972' ಪತ್ರಿಕೆ 2024ರ ಏಪ್ರಿಲ್‌ನಲ್ಲಿ ಇಸ್ರೇಲಿ ಗುಪ್ತಚರ ಅಧಿಕಾರಿಗಳ ಮಾತನ್ನು ಆಧರಿಸಿ ವರದಿ ಮಾಡಿತು. ಸೇನೆ ಈ ಚಿತ್ರಣವನ್ನು ಒಪ್ಪಲಿಲ್ಲ. ಅದು ಮಾಹಿತಿ ಹೊಂದಿಸಿ ನೋಡುವ ಸಾಧನ ಮಾತ್ರ, ಗುರಿಯನ್ನು ನಿರ್ಧರಿಸುವವರು ಅಧಿಕಾರಿಗಳೇ ಎಂದಿತು. ಎರಡು ಹೇಳಿಕೆಗಳಲ್ಲೂ ಕೊನೆಯಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ ಎಂಬುದನ್ನು ಗಮನಿಸಬೇಕು. ಅವನು ಓದಿ ಒಪ್ಪಿದನೋ, ಹೆಬ್ಬೆಟ್ಟು ಒತ್ತಿದನೋ ಎಂಬುದೇ ಪ್ರಶ್ನೆ. ನಮ್ಮ ಹಿರಿಯರು ಸಾಹುಕಾರನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಗದ್ದೆ ಕಳೆದುಕೊಂಡ ಕಥೆಗಳು ಎಲ್ಲ ಊರಲ್ಲೂ ಇವೆ. ಕಾಗದದ ಮೇಲೆ ಅವರ ಒಪ್ಪಿಗೆ ಇತ್ತು. ಅದು ಒಪ್ಪಿಗೆಯಾಗಿರಲಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಮನುಷ್ಯನ ನಿಯಂತ್ರಣ ಎಂಬ ಮಾತಿಗೆ ಅರ್ಥ ಬರಬೇಕಾದರೆ ಅವನಿಗೆ ಯೋಚಿಸುವ ವ್ಯವಧಾನ ಇರಬೇಕು, ಪರದೆಯ ಆಚೆಗಿನ ಮಾಹಿತಿ ಬೇಕು, ಬೇಡ ಎಂದರೆ ಶಿಕ್ಷೆಯಾಗದು ಎಂಬ ಭರವಸೆ ಬೇಕು. ಅಮೆರಿಕದ ರಕ್ಷಣಾ ಇಲಾಖೆ 2012ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ ನಿರ್ದೇಶನ ಪ್ರತಿ ಹೊಡೆತಕ್ಕೂ ಮನುಷ್ಯನ ಅನುಮತಿ ಬೇಕು ಎನ್ನುತ್ತದೆಂದು ಹಲವರು ತಿಳಿದಿದ್ದಾರೆ. ಅದರಲ್ಲಿ ಹಾಗಿಲ್ಲ. 'ಸೂಕ್ತ ಮಟ್ಟದ' ಮಾನವ ವಿವೇಚನೆ ಇರಲಿ ಎಂದಷ್ಟೇ ಇದೆ. ಸೂಕ್ತ ಎಂದರೆ ಎಷ್ಟು ಎಂಬುದನ್ನು ಆಯಾ ಸಂದರ್ಭಕ್ಕೆ ಬಿಡಲಾಗಿದೆ.

ತಪ್ಪು ಕಲ್ಪನೆ: ಯಂತ್ರಕ್ಕೆ ಕೋಪವಿಲ್ಲ, ಭಯವಿಲ್ಲ, ಆದ್ದರಿಂದ ಅದು ಹೆಚ್ಚು ನ್ಯಾಯವಾಗಿ ಹೋರಾಡುತ್ತದೆ

ವಾಸ್ತವ: ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ, ತಳ್ಳಿಹಾಕಲೂಬಾರದು. 1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿತು. 290 ಜನ ಸತ್ತರು, ಅವರಲ್ಲಿ 66 ಮಕ್ಕಳು, ಹತ್ತು ಮಂದಿ ಭಾರತೀಯರು. ವಿಮಾನ ಮೇಲೇರುತ್ತಿದೆ ಎಂದು ಹಡಗಿನ ಕಂಪ್ಯೂಟರ್ ಸರಿಯಾಗಿಯೇ ದಾಖಲಿಸಿತ್ತು. ಉದ್ವೇಗದಲ್ಲಿದ್ದ ಸಿಬ್ಬಂದಿಗೆ ಅದು ತಮ್ಮತ್ತ ಇಳಿದುಬರುತ್ತಿರುವಂತೆ ಕಂಡಿತು. 2021ರ ಆಗಸ್ಟ್ 29ರಂದು ಕಾಬೂಲಿನ ಮನೆಯಂಗಳದಲ್ಲಿ ಅಮೆರಿಕದ ಡ್ರೋನ್ ದಾಳಿಗೆ ಒಂದೇ ಕುಟುಂಬದ ಹತ್ತು ನಾಗರಿಕರು ಬಲಿಯಾದರು, ಏಳು ಮಕ್ಕಳು ಸೇರಿ. ದಾಳಿಗೆ ಗುರಿಯಾದ ಬಿಳಿ ಕಾರನ್ನು ಗಂಟೆಗಟ್ಟಲೆ ಹಿಂಬಾಲಿಸಿದ್ದು, ಅದರಲ್ಲಿದ್ದದ್ದು ಸ್ಫೋಟಕ ಎಂದು ನಂಬಿದ್ದು ಮನುಷ್ಯರೇ. ಮನುಷ್ಯ ಯುದ್ಧದಲ್ಲಿ ಮಾಡದ ಕ್ರೌರ್ಯವಿಲ್ಲ.

ಆದರೂ ಮನುಷ್ಯನಲ್ಲಿ ಇನ್ನೊಂದು ಶಕ್ತಿ ಇದೆ. 2023ರ ಮೇ ತಿಂಗಳು, ಉಕ್ರೇನಿನ ಬಖ್ಮುತ್ ಬಳಿಯ ಕಂದಕವೊಂದರಲ್ಲಿ ಒಬ್ಬ ರಷ್ಯನ್ ಸೈನಿಕ ಒಂಟಿಯಾಗಿ ಉಳಿದಿದ್ದ. ತಲೆಯ ಮೇಲೆ ಬಾಂಬು ಹೊತ್ತ ಉಕ್ರೇನಿ ಡ್ರೋನ್ ಹಾರುತ್ತಿತ್ತು. ಅವನು ಡ್ರೋನಿನ ಕ್ಯಾಮೆರಾ ನೋಡಿ ಕೈಸನ್ನೆ ಮಾಡಿದ, ಕೊಲ್ಲಬೇಡಿ ಎಂದು ಬೇಡಿದ. ಪರದೆಯ ಮುಂದಿದ್ದವರಿಗೆ ಅದು ಅರ್ಥವಾಯಿತು. ಅವರು ಬಾಂಬಿನ ಬದಲು ಒಂದು ಚೀಟಿ ಕೆಳಗೆ ಬಿಟ್ಟರು: ಶರಣಾಗುವುದಾದರೆ ಡ್ರೋನನ್ನು ಹಿಂಬಾಲಿಸು. ಅವನು ಹಾರುವ ಯಂತ್ರದ ಹಿಂದೆ ನಡೆದು, ಎರಡು ಸೇನೆಗಳ ನಡುವಿನ ಬಯಲು ದಾಟಿ ಶರಣಾದ. ಬದುಕಿದ. ಅವನ ಕೈಸನ್ನೆಗೆ ಯಾವ ನಿಯಮಪುಸ್ತಕವೂ ಇರಲಿಲ್ಲ. ಇನ್ನೊಬ್ಬ ಮನುಷ್ಯನಿಗೆ ಮಾತ್ರ ತಿಳಿಯುವಂಥ ಸನ್ನೆ ಅದು.

ಶರಣಾದವನನ್ನು, ಗಾಯಗೊಂಡು ಬಿದ್ದವನನ್ನು ಕೊಲ್ಲಬಾರದು ಎಂಬುದು ಜಿನೀವಾ ಒಪ್ಪಂದಗಳ ನಿಯಮ. ನಮಗೆ ಅದು ಇನ್ನೂ ಹಳೆಯದು. ದ್ರೋಣನ ಸಾವಿನ ಸಿಟ್ಟಿನಲ್ಲಿ ಅಶ್ವತ್ಥಾಮ ನಾರಾಯಣಾಸ್ತ್ರ ಬಿಟ್ಟಾಗ ಕೃಷ್ಣ ಪಾಂಡವರ ಸೇನೆಗೆಲ್ಲ ಹೇಳಿದ್ದು ಆಯುಧ ಕೆಳಗಿಡಿ, ರಥದಿಂದ ಇಳಿಯಿರಿ ಎಂದು. ಇಳಿದವರನ್ನು ಅಸ್ತ್ರ ಮುಟ್ಟಲಿಲ್ಲ. ಭೀಮ ಒಪ್ಪಲಿಲ್ಲ, ಅಸ್ತ್ರದ ಉರಿಯೆಲ್ಲ ಅವನತ್ತ ತಿರುಗಿತು. ಕೃಷ್ಣಾರ್ಜುನರು ಓಡಿಹೋಗಿ ಅವನನ್ನು ರಥದಿಂದ ಎಳೆದು ಇಳಿಸಬೇಕಾಯಿತು. ಆ ಕಥೆ ಕಟ್ಟಿದವರು ತಾನೇ ಗುರಿ ಆರಿಸುವ ಅಸ್ತ್ರವನ್ನು ಕಲ್ಪಿಸಿಕೊಂಡಾಗಲೂ, ಶರಣಾದವನನ್ನು ಅದು ಗುರುತಿಸಲೇಬೇಕು ಎಂದುಕೊಂಡಿದ್ದರು. ಇಂದಿನ ಕ್ಯಾಮೆರಾ ಬಂದೂಕನ್ನು ಗುರುತಿಸೀತು. ಕೆಳಗಿಡಲೆಂದು ಬಗ್ಗಿದವನನ್ನೂ ಗುರಿಯಿಡಲೆಂದು ಬಗ್ಗಿದವನನ್ನೂ ಹೊಗೆಯಲ್ಲಿ, ಮಳೆಯಲ್ಲಿ, ತಪ್ಪದೆ ಬೇರ್ಪಡಿಸೀತು ಎಂದು ಯಾರೂ ಸಾಬೀತು ಮಾಡಿಲ್ಲ.

ಮತ್ತೊಂದು ವ್ಯತ್ಯಾಸ. ಒಬ್ಬ ಸೈನಿಕ ತಪ್ಪು ಮಾಡಿದರೆ ಅದು ಒಬ್ಬನ ತಪ್ಪು. ಸಾವಿರ ಅಸ್ತ್ರಗಳಲ್ಲಿ ಒಂದೇ ಸಾಫ್ಟ್‌ವೇರ್ ಇದ್ದರೆ ಅದೇ ತಪ್ಪು ಒಂದೇ ಗಳಿಗೆಯಲ್ಲಿ ಸಾವಿರ ಕಡೆ ಆಗುತ್ತದೆ.

ತಪ್ಪು ಕಲ್ಪನೆ: ಯಂತ್ರಗಳು ಕಾದಾಡುತ್ತವೆ, ಸೈನಿಕರು ಮನೆಗೆ ಹೋಗುತ್ತಾರೆ

ವಾಸ್ತವ: ಉಕ್ರೇನ್ ನೋಡಿ. ಜಗತ್ತಿನಲ್ಲಿ ಅತಿ ಹೆಚ್ಚು ಡ್ರೋನ್ ಹಾರಿದ ಯುದ್ಧ ಅದು. ಡ್ರೋನ್‌ಗಳಿಗಾಗಿ ಆ ದೇಶ 2024ರಲ್ಲಿ ಪ್ರತ್ಯೇಕ ಪಡೆಯನ್ನೇ ಕಟ್ಟಿತು. ಆದರೂ ಎರಡೂ ಕಡೆ ಸೈನಿಕರ ಕೊರತೆಯ ಕೂಗು ನಿಂತಿಲ್ಲ. ಒಂದು ಸಣ್ಣ ಡ್ರೋನ್ ಹಾರಬೇಕಾದರೆ ಕನ್ನಡಕ ಹಾಕಿಕೊಂಡ ಪೈಲಟ್ ಬೇಕು, ಪಕ್ಕದಲ್ಲಿ ನಕ್ಷೆ ನೋಡುವವನು ಬೇಕು, ಬಾಂಬು ಕಟ್ಟುವವನು, ಬ್ಯಾಟರಿ ತುಂಬುವವನು, ಮುರಿದದ್ದನ್ನು ನೆಲಮಾಳಿಗೆಯಲ್ಲಿ ಕೂತು ಬೆಸುಗೆ ಹಾಕುವವನು ಬೇಕು. ಅವರನ್ನೇ ಹುಡುಕಿ ಕೊಲ್ಲಲು ಶತ್ರುವಿನ ಡ್ರೋನ್ ಸುತ್ತುತ್ತಿರುತ್ತದೆ. ಯುದ್ಧದ ಮುಂಚೂಣಿ ಎಂಬ ಗೆರೆ ಈಗ ಎರಡೂ ಬದಿಗೆ ಹಲವು ಕಿಲೋಮೀಟರ್ ಅಗಲದ ಸಾವಿನ ಪಟ್ಟಿಯಾಗಿದೆ. ಅಲ್ಲಿ ಗಾಯಾಳುವನ್ನು ಹಗಲು ಹೊತ್ತಿನಲ್ಲಿ ಹೊತ್ತು ತರಲಾಗುವುದಿಲ್ಲ, ಕತ್ತಲಾಗಲಿ, ಮಂಜು ಬೀಳಲಿ ಎಂದು ಕಾಯಬೇಕು.

ಸ್ವಾಯತ್ತತೆ ಅಲ್ಲಿ ಹೆಚ್ಚುತ್ತಿರುವುದಕ್ಕೆ ತತ್ವ ಸಿದ್ಧಾಂತ ಕಾರಣವಲ್ಲ, ಜಾಮರ್ ಕಾರಣ. ಪೈಲಟ್ ಮತ್ತು ಡ್ರೋನ್ ನಡುವಿನ ರೇಡಿಯೊ ಕೊಂಡಿಯನ್ನು ಶತ್ರು ಕಡಿಯುತ್ತಾನೆ. ಪರಿಹಾರವಾಗಿ ಕೆಲವರು ಕಿಲೋಮೀಟರುಗಟ್ಟಲೆ ಸಣ್ಣ ಗಾಜಿನ ಎಳೆಯನ್ನು ಡ್ರೋನಿನ ಹಿಂದೆ ಬಿಚ್ಚುತ್ತಾ ಹೋಗುತ್ತಾರೆ. ಕೆಲವರು ಕೊನೆಯ ಹಂತವನ್ನು ಡ್ರೋನಿಗೇ ಬಿಡುತ್ತಾರೆ. 2025ರ ಜೂನ್ 1ರಂದು ಟ್ರಕ್ಕುಗಳಲ್ಲಿ ಬಚ್ಚಿಟ್ಟ 117 ಡ್ರೋನುಗಳಿಂದ ಉಕ್ರೇನ್ ರಷ್ಯದ ವಾಯುನೆಲೆಗಳ ಮೇಲೆ ದಾಳಿ ಮಾಡಿದಾಗಲೂ ಸಿಗ್ನಲ್ ಕಡಿದರೆ ಡ್ರೋನ್ ತಾನೇ ಮುಂದುವರಿಯುವ ಏರ್ಪಾಡಿತ್ತು ಎಂದು ಉಕ್ರೇನಿನ ಕಡೆಯವರೇ ಹೇಳಿದರು. ಅದರ ತಯಾರಿ ಒಂದೂವರೆ ವರ್ಷ ನಡೆದಿತ್ತು, ಮನುಷ್ಯರಿಂದಲೇ.

ತಪ್ಪು ಕಲ್ಪನೆ: ಯಂತ್ರ ಕೊಂದರೆ ಯಾರೂ ಹೊಣೆಯಲ್ಲ

ವಾಸ್ತವ: ಹೊಣೆಯನ್ನು ಯಂತ್ರಕ್ಕೆ ವರ್ಗಾಯಿಸಲಾಗದು ಎಂಬುದನ್ನು ಸ್ವಾಯತ್ತ ಅಸ್ತ್ರಗಳ ಬಗ್ಗೆ ಜಿನೀವಾದಲ್ಲಿ ನಡೆದ ದೇಶಗಳ ಚರ್ಚೆ 2019ರಲ್ಲಿ ಒಪ್ಪಿಕೊಂಡ 11 ಮಾರ್ಗದರ್ಶಿ ತತ್ವಗಳು ಹೇಳುತ್ತವೆ. ಆ ಚರ್ಚೆಯ ಮೊದಲ ವರ್ಷಗಳಲ್ಲಿ ಅಧ್ಯಕ್ಷತೆ ವಹಿಸಿದ್ದವರು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. ಕಾಗದದಲ್ಲಿ ಹೊಣೆ ಇದೆ. ನ್ಯಾಯಾಲಯದಲ್ಲಿ ಅದನ್ನು ಹಿಡಿಯುವುದು ಕಷ್ಟ. ಯುದ್ಧಾಪರಾಧಕ್ಕೆ ಉದ್ದೇಶ ಸಾಬೀತಾಗಬೇಕು. ಕಮಾಂಡರ್ ಹೇಳುತ್ತಾನೆ, ನಾನು ಟ್ಯಾಂಕಿಗೆ ಬಿಟ್ಟದ್ದು. ಇದು ಉರುಳು ಕಟ್ಟಿದವನ ಮಾತೇ.

ಹಾಗಾದರೆ ತೀರ್ಮಾನ ಎಲ್ಲಿ ಆಗುತ್ತದೆ? ಬಹಳ ಸಲ ರಣರಂಗದಿಂದ ದೂರದ, ಹವಾನಿಯಂತ್ರಿತ ಕೋಣೆಯಲ್ಲಿ, ತಿಂಗಳುಗಳ ಮೊದಲೇ. ಚಿತ್ರದಲ್ಲಿರುವುದು ಶತ್ರುವಾಹನ ಎನ್ನಲು ಶೇ 80ರಷ್ಟು ಹೋಲಿಕೆ ಸಾಕೇ, ಶೇ 95 ಬೇಕೇ? ಟ್ರ್ಯಾಕ್ಟರಿನ ಎಷ್ಟು ಚಿತ್ರಗಳನ್ನು ತೋರಿಸಿ ಯಂತ್ರಕ್ಕೆ ಕಲಿಸಬೇಕು? ಒಬ್ಬ ಇಂಜಿನಿಯರ್ ಒಂದು ಸಂಖ್ಯೆ ಬರೆಯುತ್ತಾನೆ. ಆ ಸಂಖ್ಯೆಯಲ್ಲಿ ಯಾರದೋ ಜೀವ ಇದೆ.

ಈ ಕೋಣೆಗಳಲ್ಲಿ ಕನ್ನಡ ಕೇಳಿಸುತ್ತದೆ. ಡಿಆರ್‌ಡಿಓದ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರ ಬೆಂಗಳೂರಿನಲ್ಲಿ 1986ರಿಂದ ಇದೆ. 2022ರ ಜುಲೈ 1ರಂದು ಚಿತ್ರದುರ್ಗದ ಪರೀಕ್ಷಾ ನೆಲೆಯಿಂದ ಪೈಲಟ್ ಇಲ್ಲದ ಪ್ರಾಯೋಗಿಕ ವಿಮಾನವೊಂದು ತಾನೇ ಏರಿ, ತಾನೇ ಹಾರಿ, ತಾನೇ ಇಳಿಯಿತು. ಅದರಲ್ಲಿ ಅಸ್ತ್ರವಿರಲಿಲ್ಲ. ಮುಂದಿನ ಯುದ್ಧವಿಮಾನಗಳಿಗೆ ಅದು ಮೆಟ್ಟಿಲು ಎಂದು ಡಿಆರ್‌ಡಿಓ ತಾನೇ ಹೇಳಿದೆ. ಬೆಂಗಳೂರು ಮೂಲದ ಖಾಸಗಿ ಕಂಪನಿಗಳೂ ಗುಂಪಾಗಿ ಹಾರುವ ಡ್ರೋನುಗಳನ್ನು, ಸುತ್ತಾಡಿ ಎರಗುವ ಅಸ್ತ್ರಗಳನ್ನು ಮಾಡುತ್ತಿವೆ. ಈ ಕೆಲಸ ಮಾಡುವವರನ್ನು ದೂರುವ ಮನಸ್ಸು ನನಗಿಲ್ಲ, ದೇಶಕ್ಕೆ ರಕ್ಷಣೆ ಬೇಕು. ತಾವು ಬರೆದ ಸಾಲು ಎಲ್ಲಿ ಬಳಕೆಯಾಗುತ್ತದೆ ಎಂದು ತಿಳಿಯುವ ಹಕ್ಕು, ಇದು ಸಿದ್ಧವಾಗಿಲ್ಲ ಎಂದು ಹೇಳುವ ಹಕ್ಕು ಅವರಿಗಿರಬೇಕು ಎಂಬುದು ನನ್ನ ಕಳಕಳಿ. ಪೆಂಟಗನ್ನಿನ ಡ್ರೋನ್ ಚಿತ್ರ ವಿಶ್ಲೇಷಣೆಯ ಗುತ್ತಿಗೆಯನ್ನು 2018ರಲ್ಲಿ ಗೂಗಲ್‌ನ ಸಾವಿರಾರು ಉದ್ಯೋಗಿಗಳು ಸಹಿ ಹಾಕಿ ವಿರೋಧಿಸಿದಾಗ ಕಂಪನಿ ಆ ಗುತ್ತಿಗೆಯನ್ನು ನವೀಕರಿಸಲಿಲ್ಲ. ಅಸ್ತ್ರಗಳಿಗೆ ಕೃತಕ ಬುದ್ಧಿಮತ್ತೆ ಕೊಡುವುದಿಲ್ಲ ಎಂದೂ ಘೋಷಿಸಿತು. 2025ರಲ್ಲಿ ಆ ಘೋಷಣೆಯನ್ನು ತೆಗೆದುಹಾಕಿತು.

ತಪ್ಪು ಕಲ್ಪನೆ: ಇಂಥವನ್ನು ತಡೆಯಲು ಕಾನೂನಿನಿಂದ ಆಗದು

ವಾಸ್ತವ: ಕಣ್ಣು ಕುರುಡಾಗಿಸುವ ಲೇಸರ್ ಅಸ್ತ್ರಗಳನ್ನು ರಣರಂಗಕ್ಕೆ ವ್ಯಾಪಕವಾಗಿ ಬರುವ ಮೊದಲೇ 1995ರಲ್ಲಿ ನಿಷೇಧಿಸಲಾಯಿತು. ನೆಲಬಾಂಬು ನಿಷೇಧದ 1997ರ ಒಪ್ಪಂದ ಅದೆಷ್ಟೋ ಕಾಲುಗಳನ್ನು ಉಳಿಸಿದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ, ರಷ್ಯದ ಭಯದಿಂದ ಪೋಲೆಂಡ್, ಫಿನ್ಲೆಂಡ್ ಮತ್ತು ಬಾಲ್ಟಿಕ್ ದೇಶಗಳು 2025ರಲ್ಲಿ ಅದರಿಂದ ಹೊರಬರಲು ತೀರ್ಮಾನಿಸಿದವು. ಕಾನೂನು ದುರ್ಬಲ, ನಿಜ. ನಿರುಪಯೋಗಿ ಅಲ್ಲ.

ಸ್ವಾಯತ್ತ ಅಸ್ತ್ರಗಳ ಬಗ್ಗೆ ತುರ್ತಾಗಿ ಗಮನ ಹರಿಸಬೇಕು ಎಂಬ ನಿರ್ಣಯ 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಬಂದಾಗ 152 ದೇಶಗಳು ಪರವಾಗಿ ಮತ ಹಾಕಿದವು. ವಿರೋಧಿಸಿದ್ದು ನಾಲ್ಕೇ ದೇಶ: ರಷ್ಯ, ಬೆಲಾರುಸ್, ಮಾಲಿ, ಭಾರತ. ಚರ್ಚೆ ಜಿನೀವಾದಲ್ಲೇ ನಡೆಯಲಿ, ಕಡ್ಡಾಯ ಒಪ್ಪಂದಕ್ಕೆ ಕಾಲ ಪಕ್ವವಾಗಿಲ್ಲ ಎಂಬುದು ನಮ್ಮ ಸರ್ಕಾರದ ನಿಲುವು. ಎರಡು ಗಡಿಗಳಲ್ಲಿ ಆತಂಕವಿರುವ ದೇಶದ ಎಚ್ಚರ ಅರ್ಥವಾಗುತ್ತದೆ. 2025ರ ಮೇ ತಿಂಗಳಲ್ಲಿ ನಮ್ಮ ಗಡಿಯ ಮೇಲೆ ಒಂದೇ ರಾತ್ರಿ ನೂರಾರು ಡ್ರೋನ್ ಬಂದದ್ದನ್ನು ನಾವೇ ನೋಡಿದ್ದೇವೆ. ಆದರೆ ಒಮ್ಮತವಿಲ್ಲದೆ ಒಂದು ಹೆಜ್ಜೆಯೂ ಇಡಲಾಗದ ಜಿನೀವಾ ವೇದಿಕೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಾತೇ ಆಗಿದೆ. ಆ ಮಾತುಕತೆಗೆ ಅಧ್ಯಕ್ಷತೆ ವಹಿಸಿದ ದೇಶ ಆ ನಾಲ್ಕರ ಪಟ್ಟಿಯಲ್ಲಿ ಕಂಡದ್ದು ನನಗೆ ನೋವು ತಂದಿತು.

ತಪ್ಪು ಕಲ್ಪನೆ: ಮನುಷ್ಯ ನಿಧಾನ, ಯುದ್ಧದಲ್ಲಿ ನಿಧಾನವೆಂದರೆ ಸೋಲು

ವಾಸ್ತವ: 1983ರ ಸೆಪ್ಟೆಂಬರ್ 26, ನಡುರಾತ್ರಿ ದಾಟಿತ್ತು. ಮಾಸ್ಕೋದ ದಕ್ಷಿಣಕ್ಕಿದ್ದ ರಹಸ್ಯ ಬಂಕರಿನಲ್ಲಿ ಲೆಫ್ಟಿನೆಂಟ್ ಕರ್ನಲ್ ಸ್ತಾನಿಸ್ಲಾವ್ ಪೆತ್ರೋವ್ ಪಾಳಿಯಲ್ಲಿದ್ದರು. ವಯಸ್ಸು 44, ಮೂಲತಃ ಇಂಜಿನಿಯರ್. ಸೈರನ್ ಕೂಗಿತು. ಅಮೆರಿಕ ಅಣ್ವಸ್ತ್ರ ಕ್ಷಿಪಣಿ ಉಡಾಯಿಸಿದೆ ಎಂದು ಉಪಗ್ರಹ ವ್ಯವಸ್ಥೆ ಹೇಳಿತು, ಪರದೆಯಲ್ಲಿ ಕೆಂಪಕ್ಷರ ಬೆಳಗಿತು. ಸ್ವಲ್ಪ ಹೊತ್ತಿಗೆ ಇನ್ನೂ ನಾಲ್ಕು. ಸೋವಿಯತ್ ಪಡೆ ಕೊರಿಯದ ಪ್ರಯಾಣಿಕ ವಿಮಾನವನ್ನು ಹೊಡೆದು ಇನ್ನೂ ನಾಲ್ಕು ವಾರವಾಗಿರಲಿಲ್ಲ, ಎರಡೂ ದೇಶಗಳ ನಡುವೆ ಕೆಂಡದಂಥ ವಾತಾವರಣ. ಪೆತ್ರೋವ್ ಮೇಲಧಿಕಾರಿಗಳಿಗೆ ದಾಳಿ ಎಂದು ವರದಿ ಮಾಡಬೇಕಿತ್ತು. ಅವರು ಯೋಚಿಸಿದರು. ಅಣ್ವಸ್ತ್ರ ಯುದ್ಧ ಶುರು ಮಾಡುವವರು ಐದೇ ಕ್ಷಿಪಣಿ ಬಿಡುತ್ತಾರೆಯೇ? ನೆಲದ ರಾಡಾರ್ ಏಕೆ ಏನನ್ನೂ ಹೇಳುತ್ತಿಲ್ಲ? ಈ ಉಪಗ್ರಹ ವ್ಯವಸ್ಥೆ ಹೊಸತು, ಅದರ ಕೊರತೆ ಅವರಿಗೆ ಗೊತ್ತಿತ್ತು. ಸುಳ್ಳು ಎಚ್ಚರಿಕೆ ಎಂದು ವರದಿ ಮಾಡಿದರು. ಆಮೇಲೆ ಕಾದರು. ತಾವು ತಪ್ಪಾಗಿದ್ದರೆ ಅದು ಗೊತ್ತಾಗಲು ಇದ್ದದ್ದು ಕೆಲವೇ ನಿಮಿಷ.

ಏನೂ ಬರಲಿಲ್ಲ. ಎತ್ತರದ ಮೋಡಗಳ ಮೇಲೆ ಹೊಳೆದ ಸೂರ್ಯನ ಬೆಳಕನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಎಂದು ತಿಳಿದಿತ್ತು.

ಪೆತ್ರೋವ್‌ಗೆ ಪದಕ ಸಿಗಲಿಲ್ಲ. ವಿಚಾರಣೆಯಲ್ಲಿ ಅವರನ್ನು ತರಾಟೆಗೆ ತೆಗೆದುಕೊಂಡರು: ಆ ಹೊತ್ತಿನಲ್ಲಿ ದಿನಚರಿ ಪುಸ್ತಕವನ್ನು ಏಕೆ ತುಂಬಲಿಲ್ಲ? ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಇಂಟರ್‌ಕಾಮ್ ಇತ್ತು, ನನಗೆ ಮೂರನೆಯ ಕೈ ಇರಲಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರಂತೆ. 2017ರಲ್ಲಿ ಮಾಸ್ಕೋ ಬಳಿಯ ಫ್ರ್ಯಾಜಿನೊ ಪಟ್ಟಣದ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ಸುದ್ದಿ ಹೊರಜಗತ್ತಿಗೆ ತಿಳಿದದ್ದು ತಿಂಗಳುಗಳ ನಂತರ.